ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಅಪ್ಪನನ್ನು ರಂಗಕ್ಕೆ ತರುವುದು ಹೇಗೆ? ಕೊಡಗಿನ ಹವ್ಯಾಸಿ ತಂಡಗಳಿಗೊಂದು ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳು. ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ ಒಂದು ಕಾಫಿ ಗೋದಾಮು. ಮೇಲೆ ತಗಡಿನ ಶೀಟು, ಅದರ ಮೇಲೆ ಮಳೆ. ಒಳಗೆ ಹನ್ನೊಂದು ಜನ ನಿಂತು ಕಿರುಚುತ್ತಿದ್ದೆವು. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಆರ್ಥರ್ ಮಿಲ್ಲರ್ ಬರೆದ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ತಾಲೀಮು ನಮ್ಮಲ್ಲಿ ಶುರುವಾದದ್ದು ಹೀಗೆ.

ಮೊದಲ ಪ್ರದರ್ಶನ ಕೆಟ್ಟಿತು. ಜನ ಬರಲಿಲ್ಲ ಅಂತಲ್ಲ. ಬಂದವರು ನಕ್ಕರು, ಅದೂ ಜಾಸ್ತಿಯೇ ನಕ್ಕರು. ಅಪ್ಪನ ಪಾತ್ರ ಮಾಡಿದವರು ವಿಲ್ಲಿ ಲೋಮನ್‌ನನ್ನು ಸಂತೆಯ ಬಡಾಯಿಕೋರನ ಹಾಗೆ ಆಡಿದ್ದರು. ತಪ್ಪು ಅವರದಲ್ಲ, ಹಾಗೆ ಆಡಿಸಿದ ನನ್ನದು. ಮರುವರ್ಷ ಮತ್ತೆ ಹಿಡಿದೆವು. ಅವೇ ಮಾತುಗಳು, ಅವೇ ಜನ. ಹಿಂದಿನ ವರ್ಷ ನಗು ಬಂದ ಜಾಗದಲ್ಲೇ ಈ ಸಲ ಸಭೆ ತಣ್ಣಗಾಯಿತು. ನಡುವೆ ಏನೇನು ಬದಲಾಯಿಸಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಗೋಣಿಕೊಪ್ಪಲಲ್ಲೋ ಸೋಮವಾರಪೇಟೆಯಲ್ಲೋ ಇಂಥದ್ದೇ ಗುಂಪು ಕಟ್ಟಿಕೊಂಡವರ ಕೆಲಸಕ್ಕೆ ಬರಬಹುದು.

ಹೆಜ್ಜೆ 1: ಯಾವ ಅಪ್ಪ ಬೇಕು, ಮೊದಲು ಅದನ್ನು ನೋಡಿ

ಇಂಥ ಅಪ್ಪಂದಿರು ನಮಗೆ ಹೊಸಬರಲ್ಲ. ‘ಧೃತರಾಷ್ಟ್ರ ಪ್ರೇಮ’ ಅಂತ ಕನ್ನಡದಲ್ಲಿ ಒಂದು ಮಾತೇ ಇದೆ ಅಲ್ವಾ? ಹುಟ್ಟು ಕುರುಡನಾಗಿಯೂ, ಮಗನ ತಪ್ಪು ಕಾಣಬಾರದು ಅಂತ ಕುರುಡುತನವನ್ನು ಇನ್ನೊಂದು ಸಲ ತೊಟ್ಟುಕೊಂಡ ಅಪ್ಪ ಅವನು. ನಮ್ಮ ಜಿಲ್ಲೆಯ ವಿಷಯ ಇನ್ನೂ ಸ್ವಾರಸ್ಯ. ಕೊಡವ ಭಾಷೆಯ ಮೊದಲ ನಾಟಕವೇ ಇಂಥ ಒಬ್ಬ ಅಪ್ಪನ ಮೇಲೆ ಬಂದದ್ದು. ಹರದಾಸ ಅಪ್ಪಚ್ಚ ಕವಿ 1906ರಲ್ಲಿ ಬರೆದ ‘ಯಯಾತಿ ರಾಜಂಡ ನಾಟಕ’ ಅದು. ತನ್ನ ಮುಪ್ಪನ್ನು ಮಗ ಪುರುವಿಗೆ ಕೊಟ್ಟು ಅವನ ಯೌವನವನ್ನು ತಾನು ತೊಟ್ಟುಕೊಳ್ಳುವ ರಾಜನ ಕತೆ. ಅದೇ ಯಯಾತಿಯನ್ನು ಗಿರೀಶ ಕಾರ್ನಾಡರು 1961ರ ನಾಟಕದಲ್ಲಿ ಹಿಡಿದಾಗ ಕತೆಯ ಭಾರ ಸೊಸೆ ಚಿತ್ರಲೇಖೆಯ ಕಡೆಗೆ ವಾಲಿತು. ಅಪ್ಪ ಮಗ ಮಾಡಿಕೊಂಡ ವ್ಯಾಪಾರಕ್ಕೆ ಪ್ರಾಣ ತೆತ್ತವಳು ಅವಳು.

ಹೊರಗಿನವರಲ್ಲಿ ಶೇಕ್ಸ್‌ಪಿಯರನ ಲಿಯರ್ ಇದ್ದಾನೆ. ಮೂವರು ಹೆಣ್ಣುಮಕ್ಕಳ ಪ್ರೀತಿಯನ್ನು ಮಾತಿನಲ್ಲಿ ತೂಗಿ, ನಿಜ ಹೇಳಿದವಳನ್ನೇ ಓಡಿಸುತ್ತಾನೆ. ಇಬ್ಸೆನ್ 1884ರಲ್ಲಿ ಬರೆದ ‘ದಿ ವೈಲ್ಡ್ ಡಕ್’ನಲ್ಲಿ ಹ್ಯಾಲ್ಮರ್ ಎಂಬ ಅಪ್ಪ ಇದ್ದಾನೆ. ತಾನು ದೊಡ್ಡದೊಂದು ಸಂಶೋಧನೆ ಮಾಡುತ್ತೇನೆ ಅಂತ ಸೋಫಾದ ಮೇಲೆ ಮಲಗಿರುತ್ತಾನೆ. ಫೋಟೋ ಸ್ಟುಡಿಯೋ ನಡೆಸುವವಳು ಹೆಂಡತಿ. ಕೊನೆಗೆ ಸಾಯುವವಳು 14 ವರ್ಷದ ಮಗಳು.

ನಿಮ್ಮದು ಮೊದಲ ದುರಂತ ನಾಟಕವಾದರೆ ನಾನು ಹೇಳುವುದು ವಿಲ್ಲಿ ಲೋಮನ್‌ನನ್ನೇ. ಯಾಕೆಂದರೆ ಅವನಿಗೆ ಕಿರೀಟ ಇಲ್ಲ. ಮನೆ ಸಾಲದ ಕಂತು ಇದೆ, ರಿಪೇರಿಗೆ ಬಂದ ಫ್ರಿಜ್ ಇದೆ, ಕೆಲಸಕ್ಕೆ ನಿಲ್ಲದ ಮಗ ಇದ್ದಾನೆ. ವಯಸ್ಸು 63. ಒಂದೇ ಕಂಪನಿಗೆ ಮೂವತ್ತನಾಲ್ಕು ಮೂವತ್ತಾರು ವರ್ಷ ದುಡಿದಿದ್ದಾನೆ. ಜನ ನಿನ್ನನ್ನು ಇಷ್ಟಪಟ್ಟರೆ ಸಾಕು, ದುಡ್ಡು ತಾನಾಗಿ ಬರುತ್ತದೆ ಅನ್ನುವುದು ಅವನ ನಂಬಿಕೆ. ಅದನ್ನೇ ಇಬ್ಬರು ಮಕ್ಕಳ ತಲೆಗೂ ತುಂಬಿದ್ದಾನೆ. ಅವರ ಬದುಕು ಕೆಟ್ಟದ್ದು ಅದರಿಂದಲೇ.

ಪಾತ್ರ ಒಟ್ಟು 13. ಹನ್ನೊಂದು ಜನ ಇದ್ದರೆ ಆಗುತ್ತದೆ. ಮಾಲೀಕ ಹೋವರ್ಡ್ ಮಾಡಿದವರೇ ಹೋಟೆಲ್ ಮಾಣಿ ಸ್ಟ್ಯಾನ್ಲಿ ಮಾಡಬಹುದು. ಆಫೀಸಿನ ಜೆನ್ನಿಯೇ ಆಮೇಲೆ ಹೋಟೆಲಿಗೆ ಬರುವ ಹುಡುಗಿ ಲೆಟ್ಟಾ ಆಗಬಹುದು. ಹೆಂಡತಿ ಮತ್ತು ವಿಲ್ಲಿಯ ಗುಟ್ಟಿನ ಸಂಬಂಧದ ಬೋಸ್ಟನ್‌ನ ಹೆಂಗಸು, ಎರಡನ್ನೂ ಒಬ್ಬರಿಂದಲೇ ಮಾಡಿಸುವ ಬುದ್ಧಿವಂತಿಕೆ ಮಾತ್ರ ಬೇಡ. ನಮ್ಮಲ್ಲಿ ಒಬ್ಬರು ಅದಕ್ಕೆ ಎರಡು ವಾರ ಹಟ ಹಿಡಿದಿದ್ದರು.

ಹೆಜ್ಜೆ 2: ಹಕ್ಕು ಮತ್ತು ತಾರೀಕು

ಇದು ಬೋರು ಹೊಡೆಸುವ ಕೆಲಸ. ಆದರೆ ಮೊದಲೇ ಮುಗಿಸಿ. ನಮ್ಮ ದೇಶದಲ್ಲಿ ಲೇಖಕ ಸತ್ತ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ. ಹಾಗಾಗಿ 2065ರ ಕೊನೆಯವರೆಗೆ ಹಕ್ಕು ಇದ್ದೇ ಇದೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ ಪ್ರದರ್ಶನಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಅನುಮತಿ ಬೇಕು. ಕನ್ನಡಕ್ಕೆ ತರುವ ಹಕ್ಕು ಇದರಿಂದ ಬೇರೆ, ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಈ ತಲೆನೋವೇ ಬೇಡ ಅನ್ನುವವರಿಗೆ ಅಪ್ಪಚ್ಚ ಕವಿ ಇದ್ದಾರೆ. ಅವರು ತೀರಿಕೊಂಡದ್ದು 1944ರಲ್ಲಿ, ಹಕ್ಕಿನ ಅವಧಿ ಮುಗಿದು ಎಷ್ಟೋ ಕಾಲವಾಯಿತು.

ತಾರೀಕಿನ ವಿಷಯ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ನಾವು ಎಡವಿದ್ದರಿಂದ ಹೇಳುತ್ತೇನೆ. ಓದು ಜೂನ್‌ನಲ್ಲಿ. ಜುಲೈ, ಆಗಸ್ಟ್‌ನಲ್ಲಿ ತೋಟದ ಕೆಲಸ ಕಡಿಮೆ, ಗದ್ದೆ ಇರುವವರಿಗೆ ಮಾತ್ರ ನಾಟಿ. ತಾಲೀಮಿಗೆ ಅದೇ ಸರಿಯಾದ ಕಾಲ. ಕೈಲ್ ಮುಹೂರ್ತಕ್ಕೆ ಒಂದು ವಾರ ರಜೆ ಕೊಡಿ, ಕೊಡದಿದ್ದರೂ ಯಾರೂ ಬರುವುದಿಲ್ಲ. ಮಡಿಕೇರಿ ದಸರಾ ಹತ್ತಿರ ಬಂದರೆ ಹುಡುಗರೆಲ್ಲ ಮಂಟಪದ ಕೆಲಸಕ್ಕೆ ಹೋಗುತ್ತಾರೆ. ಅಪ್ಪನಾದರೂ ಸಿಗಬಹುದು, ಮಕ್ಕಳ ಪಾತ್ರದವರು ಸಿಗುವುದಿಲ್ಲ. ಪ್ರದರ್ಶನ ಕಾವೇರಿ ಸಂಕ್ರಮಣ ಮತ್ತು ಹುತ್ತರಿಯ ನಡುವೆ ಇರಲಿ. ಮಳೆ ಹಿಂದೆ ಸರಿದಿರುತ್ತದೆ, ಅರೇಬಿಕಾ ಕೊಯ್ಲು ಜೋರಾಗಿರುವುದಿಲ್ಲ.

ಹೆಜ್ಜೆ 3: ಸುಳ್ಳಿನ ಲೆಕ್ಕದ ಪುಸ್ತಕ ಬರೆಯಿರಿ

ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ಉದ್ದ ಪುಸ್ತಕ ಒಂದು ತನ್ನಿ. ಪುಟಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಮೊದಲ ಭಾಗದಲ್ಲಿ ಅಪ್ಪ ಹೇಳಿದ್ದು. ಎರಡನೆಯದರಲ್ಲಿ ನಿಜವಾಗಿ ನಡೆದದ್ದು. ಮೂರನೆಯದರಲ್ಲಿ, ಆಗ ಯಾರು ಸುಮ್ಮನಿದ್ದರು.

ಮೊದಲ ವರ್ಷ ನಮ್ಮ ಪುಸ್ತಕದಲ್ಲಿ ಎರಡೇ ಭಾಗ ಇತ್ತು. ನಾಟಕ ಬಿದ್ದದ್ದು ಅಲ್ಲೇ.

ಒಂದು ಉದಾಹರಣೆ ನೋಡಿ. ಹಳೆಯ ದಿನಗಳ ಒಂದು ದೃಶ್ಯದಲ್ಲಿ ವಿಲ್ಲಿ ಊರೂರು ಸುತ್ತಿ ಮನೆಗೆ ಬರುತ್ತಾನೆ. ಪ್ರಾವಿಡೆನ್ಸ್‌ನಲ್ಲಿ 500 ಗ್ರೋಸ್ (ಒಂದು ಗ್ರೋಸ್ ಅಂದರೆ ಹನ್ನೆರಡು ಡಜನ್), ಬೋಸ್ಟನ್‌ನಲ್ಲಿ 700 ಗ್ರೋಸ್ ಮಾರಿದೆ ಅನ್ನುತ್ತಾನೆ. ಹೆಂಡತಿ ಲಿಂಡಾ ಪೆನ್ಸಿಲ್ ತೆಗೆದು ಲೆಕ್ಕ ಹಾಕುತ್ತಾಳೆ. ಕಮಿಷನ್ 212 ಡಾಲರ್! ಗಂಡ ಸ್ವಲ್ಪ ತಡವರಿಸುತ್ತಾನೆ. ಪ್ರಾವಿಡೆನ್ಸ್‌ನಲ್ಲಿ ಸುಮಾರು 180 ಗ್ರೋಸ್ ಅನ್ನುತ್ತಾನೆ. ಆಮೇಲೆ, ಇಲ್ಲ, ಇಡೀ ಸುತ್ತಾಟಕ್ಕೆ ಸೇರಿ 200 ಇರಬಹುದು ಅನ್ನುತ್ತಾನೆ. 212 ಡಾಲರ್ ಇಳಿದು 70 ಡಾಲರ್ ಚಿಲ್ಲರೆ ಆಗುತ್ತದೆ. ಕೊಡಬೇಕಾದ ಬಾಕಿ ಅದಕ್ಕಿಂತ ಜಾಸ್ತಿ ಇದೆ.

ಈಗ ಮೂರನೆಯ ಭಾಗ ತುಂಬಿಸಿ. ಲಿಂಡಾ ಏನು ಮಾಡುತ್ತಾಳೆ? ಬಯ್ಯುವುದಿಲ್ಲ. ‘ಮೊದಲು ಯಾಕೆ ಹಾಗೆ ಹೇಳಿದೆ’ ಅಂತ ಕೇಳುವುದೂ ಇಲ್ಲ. ಹೊಸ ಸಂಖ್ಯೆಯನ್ನು ಬರೆದುಕೊಂಡು ಮುಂದೆ ಹೋಗುತ್ತಾಳೆ. ಅಂದರೆ ಇದು ಅವಳಿಗೆ ಅಭ್ಯಾಸ.

ಇನ್ನೆರಡು ನಮೂನೆ. ಒಂದು ಕ್ಷಣ ಷೆವರ್ಲೆ ಕಾರಿನಷ್ಟು ಒಳ್ಳೆ ಕಾರು ಪ್ರಪಂಚದಲ್ಲೇ ಇಲ್ಲ, ಸ್ವಲ್ಪ ಹೊತ್ತಿಗೆ ಅದೇ ಕಾರು ದರಿದ್ರದ್ದು. ಒಂದು ಕ್ಷಣ ದೊಡ್ಡ ಮಗ ಬಿಫ್ ಸೋಮಾರಿ, ನಾಲ್ಕು ಮಾತು ಕಳೆಯುವುದರೊಳಗೆ ಸೋಮಾರಿತನ ಒಂದು ಬಿಟ್ಟು ಅವನಿಗೆ ಎಲ್ಲಾ ದೋಷ ಇರಬಹುದು. ಇಲ್ಲಿ ಜನ ನಗುತ್ತಾರೆ, ನಗಲಿ. ಆ ನಗುವನ್ನು ನಿಲ್ಲಿಸಬೇಕಾದವಳು ಪಕ್ಕದಲ್ಲಿ ಕೂತು ಅದಕ್ಕೂ ಇದಕ್ಕೂ ಹೂಂ ಅನ್ನುವ ಹೆಂಡತಿ.

ಹೆಜ್ಜೆ 4: ತಾಲೀಮನ್ನು ಅಮ್ಮನಿಂದ ಶುರು ಮಾಡಿ

ಈ ಇಡೀ ಬರಹದಲ್ಲಿ ಒಂದೇ ಹೆಜ್ಜೆ ಇಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಅಪ್ಪ ಒಬ್ಬನೇ ಆ ಸುಳ್ಳನ್ನು ಸಾಕಲಾರ. ಅದಕ್ಕೆ ಹೊತ್ತುಹೊತ್ತಿಗೆ ಮನೆಯವರು ಉಣ್ಣಿಸಬೇಕು. ಹಾಗಾಗಿ ಮೊದಲ ಹತ್ತು ದಿನ ಅಪ್ಪನ ಪಾತ್ರದವರನ್ನು ಕರೆಯಲೇ ಬೇಡಿ. ಅವರ ಜಾಗದಲ್ಲಿ ಒಂದು ಖಾಲಿ ಕುರ್ಚಿ ಇಡಿ. ಅಮ್ಮ ಮತ್ತು ಇಬ್ಬರು ಗಂಡುಮಕ್ಕಳು ಆ ಕುರ್ಚಿಯ ಸುತ್ತ ಬದುಕಲಿ. ಅಪ್ಪ ಬರುವ ಸದ್ದು ಕೇಳಿದರೆ ಯಾರ ಧ್ವನಿ ತಗ್ಗುತ್ತದೆ? ಯಾರು ಟೇಬಲ್ ಮೇಲಿನ ಬಿಲ್ಲನ್ನು ಸರಿಸಿಡುತ್ತಾರೆ? ಯಾವ ವಿಷಯವನ್ನು ಊಟದ ಹೊತ್ತಲ್ಲಿ ತೆಗೆಯಬಾರದು ಅಂತ ಯಾರು ಯಾರಿಗೆ ಕಣ್ಣಲ್ಲೇ ಹೇಳುತ್ತಾರೆ? ಇದನ್ನು ಮಾತಿಲ್ಲದೆ ಆಡಿಸಿ.

ನಾಟಕದಲ್ಲಿ ಒಂದು ರಬ್ಬರ್ ಕೊಳವೆಯ ತುಂಡು ಬರುತ್ತದೆ. ಪ್ರಾಣ ಕಳೆದುಕೊಳ್ಳಬೇಕು ಅಂತ ವಿಲ್ಲಿ ಅದನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದಾನೆ. ಲಿಂಡಾ ಅದನ್ನು ನೋಡಿದ್ದಾಳೆ. ಅವಳು ದಿನಾ ಏನು ಮಾಡುತ್ತಾಳೆ ಗೊತ್ತಾ? ಗಂಡ ಆಚೆ ಹೋದಾಗ ತೆಗೆದಿಡುತ್ತಾಳೆ, ಅವನು ಬರುವ ಹೊತ್ತಿಗೆ ವಾಪಸ್ ಅಲ್ಲೇ ಇಡುತ್ತಾಳೆ. ನನಗೆ ಗೊತ್ತಾಗಿದೆ ಅಂತ ತೋರಿಸಿ ಅವನಿಗೆ ಅವಮಾನ ಮಾಡಲಾರೆ ಅನ್ನುವುದು ಅವಳ ಕಾರಣ.

ಇದು ರಂಗದ ಮೇಲೆ ಕಾಣುವುದಿಲ್ಲ, ಮಕ್ಕಳಿಗೆ ಬರೀ ಮಾತಿನಲ್ಲಿ ಹೇಳುತ್ತಾಳೆ. ಆದರೆ ತಾಲೀಮಿನಲ್ಲಿ ಮಾಡಿಸಿ. ನಮ್ಮ ಲಿಂಡಾ ಒಂದು ಸಂಜೆ ಇದನ್ನು ಹತ್ತು ಸಲ ಮಾಡಿದರು. ತೆಗೆಯುವುದು, ಸೆರಗಿನಲ್ಲಿ ಮುಚ್ಚುವುದು, ಅಡುಗೆ ಮಾಡುವುದು, ಗೇಟಿನ ಸದ್ದು, ಓಡಿ ಹೋಗಿ ವಾಪಸ್ ಇಡುವುದು. ನಾಲ್ಕನೇ ಸಲದ ಹೊತ್ತಿಗೆ ಅವರ ಕೈ ನಡುಗುವುದು ನಿಂತಿತ್ತು. ಏಳನೇ ಸಲ ಒಗ್ಗರಣೆ ಹಾಕುವಷ್ಟು ಸಲೀಸಾಗಿ ಇಟ್ಟರು. ಅದನ್ನು ನೋಡಿ ಗೋದಾಮಿನಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಆ ಪಾತ್ರ ಅರ್ಥವಾದದ್ದು ಅವತ್ತು. ಅವಳು ಅಳುವ ಸಾಧ್ವಿ ಅಲ್ಲ. ಮನೆ ನಡೆಯಬೇಕಲ್ಲ ಅಂತ ಸಾವಿನ ಸಾಮಾನನ್ನೂ ಜೋಡಿಸಿಡುವ ಹೆಂಗಸು.

ಲಿಂಡಾ ಪಾತ್ರದವರಿಗೆ ಇನ್ನೊಂದು ಮಾತು. ಕಣ್ಣೀರನ್ನು ಕೊನೆಯವರೆಗೂ ಕೊಡಬೇಡಿ. ಕಾಲುಚೀಲ ಹೊಲಿಯುವ ದೃಶ್ಯದಲ್ಲಿ ಗಮನ ಸೂಜಿಯ ಮೇಲಿರಲಿ. ಗಂಡ ಯಾಕೆ ಸುಮ್ನೆ ರೇಗುತ್ತಾನೆ ಅಂತ ಅವಳಿಗೆ ತಿಳಿಯದು. ಹೊಸ ಕಾಲುಚೀಲದ ಡಬ್ಬಗಳು ಬೋಸ್ಟನ್‌ನಲ್ಲಿ ಬೇರೊಬ್ಬಳ ಕೈ ಸೇರಿವೆ ಅನ್ನುವುದು ನೋಡುವವರಿಗೆ ಗೊತ್ತು.

ಹೆಜ್ಜೆ 5: ಮಕ್ಕಳ ಗಾಯ ಎಲ್ಲಿದೆ ಅಂತ ಹುಡುಕಿ

ದೊಡ್ಡವನು ಬಿಫ್, 34 ವರ್ಷ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಹೀರೋ. ಅಪ್ಪ ಅವನನ್ನು ಎಷ್ಟು ಉಬ್ಬಿಸಿದ್ದಾನೆ ಅಂದರೆ ಯಾರ ಕೈಕೆಳಗೂ ಕೆಲಸ ಮಾಡಲಾಗದಷ್ಟು. ಹುಡುಗ ಚೆಂಡು ಕದ್ದರೆ ಅಪ್ಪ ಅದಕ್ಕೂ ಒಂದು ಸಮರ್ಥನೆ ಹುಡುಕುತ್ತಾನೆ. ಕದಿಯುವ ಚಟ ಹೋಗಲಿಲ್ಲ. ಹಳೆಯ ಮಾಲೀಕನ ಹತ್ತಿರ ಸಾಲ ಕೇಳಲು ಹೋಗಿ, ಅವನ ಫೌಂಟನ್ ಪೆನ್ ಎತ್ತಿಕೊಂಡು ಓಡಿ ಬರುತ್ತಾನೆ. ಆ ಮಾಲೀಕ ನೋಡಿದ ಒಂದೇ ನೋಟಕ್ಕೆ ಅವನಿಗೆ ಹೊಳೆದಿರುತ್ತದೆ: ನಾನು ಅಲ್ಲಿ ಸೇಲ್ಸ್‌ಮನ್ ಆಗಿರಲೇ ಇಲ್ಲ, ಸರಕು ಕಳಿಸುವ ಗುಮಾಸ್ತನಾಗಿದ್ದೆ. ಮನೆಯಲ್ಲಿ ಎಲ್ಲರೂ ಸೇಲ್ಸ್‌ಮನ್ ಅಂತ ಹೇಳಿ ಹೇಳಿ ಅವನೂ ನಂಬಿಬಿಟ್ಟಿದ್ದ. ನನ್ನ ಲೆಕ್ಕದಲ್ಲಿ ಇಡೀ ನಾಟಕ ತಿರುಗುವುದು ಈ ಗುಮಾಸ್ತ ಅನ್ನುವ ಮಾತಿನ ಮೇಲೆ. ಬಿಫ್ ಅದನ್ನು ಕೂಗಬಾರದು. ತನಗೇ ಹೊಸದಾಗಿ ಕೇಳಿಸಿದ ಹಾಗೆ ಹೇಳಬೇಕು.

ಚಿಕ್ಕವನು ಹ್ಯಾಪಿ. ಇವನನ್ನು ಎಲ್ಲರೂ ಮರೆಯುತ್ತಾರೆ, ನಿರ್ದೇಶಕರೂ ಮರೆಯುತ್ತಾರೆ. ಚಿಕ್ಕಂದಿನಲ್ಲಿ ‘ನಾನು ತೂಕ ಇಳಿಸಿದ್ದೇನೆ ನೋಡಪ್ಪಾ’ ಅನ್ನುತ್ತಲೇ ಇರುತ್ತಾನೆ, ಅಪ್ಪ ಅಣ್ಣನನ್ನು ನೋಡುತ್ತಿರುತ್ತಾನೆ. ದೊಡ್ಡವನಾದ ಮೇಲೆ ಹೋಟೆಲಿನಲ್ಲಿ ಅಪ್ಪನನ್ನು ಬಿಟ್ಟು ಹುಡುಗಿಯರ ಜೊತೆ ಹೋಗುವವನು, ಅದು ನನ್ನಪ್ಪ ಅಲ್ಲ ಅನ್ನುವವನು ಇವನೇ. ಅಪ್ಪನ ರೋಗ ನಿಜವಾಗಿ ಅಂಟಿರುವುದು ಇವನಿಗೆ. ಹ್ಯಾಪಿಯನ್ನು ವಿಲನ್ ಮಾಡಬೇಡಿ. ಪ್ರತಿ ದೃಶ್ಯದಲ್ಲೂ ಒಂದು ಸಲ ಅಪ್ಪನ ಕಣ್ಣಿಗೆ ಬೀಳಲು ನೋಡುವಂತೆ ನಿಲ್ಲಿಸಿ, ಸಾಕು.

ಹೆಜ್ಜೆ 6: ಈಗ ಅಪ್ಪನನ್ನು ಕರೆಯಿರಿ

ವಯಸ್ಸು ನೋಡಬೇಡಿ. 1949ರ ಫೆಬ್ರವರಿ 10ರಂದು ನ್ಯೂಯಾರ್ಕಿನಲ್ಲಿ ಈ ನಾಟಕ ಮೊದಲ ಸಲ ಆದಾಗ ವಿಲ್ಲಿ ಆಗಿದ್ದವರು ಲೀ ಜೆ. ಕಾಬ್. ಅವರಿಗೆ ಆಗ ಬರೀ 37. ಮುದುಕನ ಪಾತ್ರ ಅಂತ ತಲೆಗೆ ಬಿಳಿ ಪೌಡರ್ ಹಾಕಿ ಬೆನ್ನು ಬಾಗಿಸುವ ಪದ್ಧತಿ ನಮ್ಮಲ್ಲಿದೆ. ಬಿಟ್ಟುಬಿಡಿ. ಬದಲಿಗೆ ಕೈಯಲ್ಲಿರುವ ಎರಡು ಪೆಟ್ಟಿಗೆಗಳಿಗೆ ನಿಜವಾದ ತೂಕ ತುಂಬಿ. ನಾವು ಒಂದೊಂದರಲ್ಲಿ ಹತ್ತು ಕಿಲೋ ಕಾಫಿ ಬೀಜ ತುಂಬಿದೆವು. ಎರಡು ವಾರದಲ್ಲಿ ನಮ್ಮ ವಿಲ್ಲಿಯ ಹೆಗಲು ತಾನಾಗಿ ಇಳಿಯಿತು. ಮನೆಗೆ ಹೋಗಿ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡರಂತೆ, ಪಾಪ.

ಇನ್ನು ಮುಖ್ಯ ವಿಷಯ. ಸುಳ್ಳುಗಾರನಿಗೆ ನಿಜ ಗೊತ್ತಿರುತ್ತದೆ. ಇವನಿಗೆ ನಿಜ ಗೊತ್ತಾಗುವುದೇ ಬೇಡ. ಹಾಗಾಗಿ ‘ನಾನು ಸುಳ್ಳು ಹೇಳುತ್ತಿದ್ದೇನೆ’ ಅನ್ನುವ ಕಳ್ಳನೋಟ ಒಂದು ಸಲವೂ ಬರಬಾರದು. ನಮ್ಮ ಮೊದಲ ಪ್ರದರ್ಶನದಲ್ಲಿ ಆದ ತಪ್ಪು ಇದೇ. ಪಾತ್ರಧಾರಿ ಪ್ರತಿ ಬಡಾಯಿಗೂ ಸಭೆಯ ಕಡೆ ಒಂದು ಓರೆನೋಟ ಬಿಡುತ್ತಿದ್ದರು. ಜನರಿಗೆ ಅವರು ತಮ್ಮ ಕಡೆಯವರು ಅನ್ನಿಸಿತು. ಹೊರಗೆ ನಿಂತು ತಮಾಷೆ ನೋಡಿದರು.

ಎರಡನೇ ವರ್ಷ ಒಂದು ನಿಯಮ ಹಾಕಿಕೊಂಡೆವು. ವಿಲ್ಲಿ ಸುಳ್ಳು ಹೇಳುವಾಗ ಅವನಿಗೆ ಖುಷಿ ಆಗಬೇಕು, ಚಳಿಯಲ್ಲಿ ಒಲೆ ಮುಂದೆ ಕೂತ ಖುಷಿ. ನಿಜ ಬಾಯಿಂದ ಜಾರಿದಾಗ, ಉದಾಹರಣೆಗೆ ಜನ ನನ್ನನ್ನು ನೋಡಿ ನಗುತ್ತಾರೆ ಅಂತ ಹೆಂಡತಿಗೆ ಹೇಳುವಾಗ, ಅವನಿಗೆ ಚಳಿ ಆಗಬೇಕು. ಅವಳು ಕೂಡಲೇ ಹೊದಿಸುತ್ತಾಳೆ. ಮತ್ತೆ ಒಲೆ. ಈ ಬಿಸಿ ತಣ್ಣಗಿನ ಆಟ ಸಿಕ್ಕರೆ ಅರ್ಧ ಪಾತ್ರ ಸಿಕ್ಕಿದ ಹಾಗೆ.

ಅಣ್ಣ ಬೆನ್ ಬರುವಾಗ ಮಾತ್ರ ಬೇರೆ ರೀತಿ. ಬೆನ್ 17ಕ್ಕೆ ಕಾಡಿಗೆ ಹೋಗಿ 21ಕ್ಕೆ ಶ್ರೀಮಂತನಾಗಿ ಬಂದವನು. ಈಗ ಬದುಕಿಲ್ಲ, ವಿಲ್ಲಿಯ ತಲೆಯೊಳಗೆ ಇದ್ದಾನೆ. ಪಕ್ಕದ ಮನೆಯ ಚಾರ್ಲಿಯ ಜೊತೆ ಇಸ್ಪೀಟು ಆಡುತ್ತಾ ವಿಲ್ಲಿ ಬೆನ್ ಜೊತೆಗೂ ಮಾತಾಡುತ್ತಾನೆ. ಆ ಜಾಗಕ್ಕೆ ಒಂದು ವಾರ ತೆಗೆದಿಡಿ. ಗಡಿಬಿಡಿ ಮಾಡಿದರೆ ಹುಚ್ಚನ ಹಾಗೆ ಕಾಣುತ್ತಾನೆ.

ಹೆಜ್ಜೆ 7: ಕೊಡಗು ತಾಲೀಮಿನಲ್ಲಿರಲಿ, ರಂಗದ ಮೇಲೆ ಬೇಡ

ವಿಲ್ಲಿಯನ್ನು ಕಾಫಿ ಪ್ಲಾಂಟರ್ ಮಾಡಿಬಿಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಬೇಡ ಅನ್ನುವುದು ನನ್ನ ಅಭಿಪ್ರಾಯ. ವಿಲ್ಲಿಗೆ ನೆಲ ಇಲ್ಲ. ಮನೆಯ ಸುತ್ತ ಕಟ್ಟಡ ಎದ್ದು ಬೀಜ ಹಾಕಿದರೂ ಮೊಳೆಯದ ಒಂದು ತುಂಡು ಹಿತ್ತಲು ಅಷ್ಟೇ. ಅವನಿಗೆ ಐದು ಎಕರೆ ತೋಟ ಕೊಟ್ಟರೆ, ರಾತ್ರಿ ಟಾರ್ಚ್ ಹಿಡಿದು ತರಕಾರಿ ಬೀಜ ಹಾಕುವ ದೃಶ್ಯಕ್ಕೆ ಅರ್ಥವೇ ಇರುವುದಿಲ್ಲ. ಅವನು ಬ್ರೂಕ್ಲಿನ್‌ನಲ್ಲೇ ಇರಲಿ. 1983ರಲ್ಲಿ ಮಿಲ್ಲರ್ ಬೀಜಿಂಗಿಗೆ ಹೋಗಿ ಚೀನೀ ನಟರಿಂದ ಈ ನಾಟಕ ಮಾಡಿಸಿದರು. ಅಮೆರಿಕದವರ ಹಾಗೆ ಕಾಣಲು ಹೋಗಬೇಡಿ ಅನ್ನುವುದು ಅಲ್ಲಿ ಅವರ ಹಟ. ಹೆಸರು, ಊರು ಬದಲಿಸದೆ ನಮ್ಮ ನಡಿಗೆಯಲ್ಲೇ ನಡೆದರೆ ಸಾಕು.

ತಾಲೀಮಿನಲ್ಲಿ ಮಾತ್ರ ಧಾರಾಳವಾಗಿ ಕೊಡಗನ್ನು ತನ್ನಿ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಕ್ಕೆ ಗಿಡ ಸುಟ್ಟು ಇಲ್ಲಿ ಕಾಫಿ ರೇಟು ಏರಿದ್ದು ನಮ್ಮ ಹಿರಿಯರಿಗೆ ನೆನಪಿದೆ. ಹೊಸ ಜೀಪು ಬಂತು, ಮನೆಗೆ ಮಹಡಿ ಬಂತು. 2000ದ ಆಚೀಚೆ ರೇಟು ಬಿತ್ತು. ಸಾಲ ಉಳಿಯಿತು. ‘ಆ ರೇಟು ಮತ್ತೆ ಬಂದೇ ಬರುತ್ತದೆ, ನೋಡ್ತಾ ಇರು’ ಅನ್ನುವ ಅಪ್ಪನನ್ನು ನೋಡದವರು ನಮ್ಮ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಆ ಅಪ್ಪ, ಬ್ಯಾಂಕಿನಿಂದ ಬಂದ ಕಾಗದ, ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟ ಅಮ್ಮ. ಇಷ್ಟು ಕೊಟ್ಟು ಇಪ್ಪತ್ತು ನಿಮಿಷ ಆಶುವಾಗಿ ಆಡಿಸಿ.

ಬಿಫ್‌ಗೆ ಹಾಕಿ ಇದೆ. 1997ರಲ್ಲಿ ಶುರುವಾದ ಕೊಡವ ಕುಟುಂಬ ಹಾಕಿ ಹಬ್ಬ ಬಂದ ಮೇಲೆ ಊರೂರಲ್ಲಿ ಒಬ್ಬ ‘ಇಂಡಿಯಾಕ್ಕೆ ಆಡಬೇಕಿದ್ದ’ ಹುಡುಗ ಇದ್ದಾನೆ. ಇಂಡಿಯಾಕ್ಕೆ ಆಡಿದವರೂ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ಆಡದೆ ಉಳಿದವನ ಅಪ್ಪನ ಮಾತು ಅಷ್ಟು ಭಾರ.

ಆಶು ಅಭಿನಯ ಕನ್ನಡದಲ್ಲೇ ಆಗಬೇಕು ಅಂತಿಲ್ಲ. ನಮ್ಮಲ್ಲಿ ಕೊಡವ ತಕ್ಕ್ ಮಾತಾಡುವವರು, ಅರೆಭಾಷೆಯವರು, ತುಳು, ಮಲಯಾಳದವರು ಎಲ್ಲ ಇದ್ದರು. ಜಗಳದ ದೃಶ್ಯವನ್ನು ಮೊದಲು ಅವರವರ ಮನೆಮಾತಿನಲ್ಲಿ ಆಡಿಸಿದೆ. ಮನೆಮಾತಿನಲ್ಲಿ ಜನ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆ ಅಂತ ಅವತ್ತು ಗೊತ್ತಾಯಿತು! ಆ ಲಯವನ್ನೇ ಆಮೇಲೆ ಕನ್ನಡದ ಮಾತಿಗೆ ತಂದೆವು.

ಹೆಜ್ಜೆ 8: ಗೋಡೆ ಮತ್ತು ಕೊಳಲು

ಮಿಲ್ಲರ್ ಈ ನಾಟಕಕ್ಕೆ ಮೊದಲು ಇಟ್ಟುಕೊಂಡಿದ್ದ ಹೆಸರು ‘ಅವನ ತಲೆಯೊಳಗೆ’ ಅನ್ನುವ ಅರ್ಥದ್ದು. ಅದಕ್ಕೆ ತಕ್ಕ ಹಾಗೆ ಒಂದು ಸರಳ ನಿಯಮ ನಾಟಕದಲ್ಲೇ ಬರೆದಿದೆ. ಈಗಿನ ದೃಶ್ಯವಾದರೆ ಪಾತ್ರಗಳು ಬಾಗಿಲಿನಿಂದಲೇ ಬರಬೇಕು. ನೆನಪಿನ ದೃಶ್ಯವಾದರೆ ಗೋಡೆಯ ಗೆರೆ ದಾಟಿ ನಡೆಯಬಹುದು. ಇದಕ್ಕಿಂತ ಅಗ್ಗದ ರಂಗತಂತ್ರ ಸಿಗಲಾರದು. ನಾವು ಗೋಣಿಚೀಲ ಮಡಿಸಿ ಸಾಲಾಗಿ ಇಟ್ಟು ಗೋಡೆ ಮಾಡಿದೆವು. ಮೂರನೇ ನೆನಪಿನ ದೃಶ್ಯದ ಹೊತ್ತಿಗೆ, ಕಾಲು ಗೋಣಿ ದಾಟಿದ ಕೂಡಲೇ ಸಭೆಗೆ ತಿಳಿಯುತ್ತಿತ್ತು. ಬೆಳಕು ಬದಲಾಗದಿದ್ದರೂ ನಡೆಯುತ್ತದೆ. ಕರೆಂಟಿನ ಭರವಸೆ ನಮ್ಮೂರಲ್ಲಿ ಎಷ್ಟಿದೆ ಅಂತ ನಿಮಗೇ ಗೊತ್ತು.

ಸಂಗೀತಕ್ಕೆ ಒಂದೇ ಕೊಳಲು. ವಿಲ್ಲಿಯ ಅಪ್ಪ ಕೊಳಲು ಮಾಡಿ ಮಾರುತ್ತಿದ್ದವನು, ಮಕ್ಕಳನ್ನು ಬಿಟ್ಟು ಹೋದವನು. ನಾಟಕ ಶುರುವಾಗುವುದೇ ಆ ಸದ್ದಿನಿಂದ. ನಮ್ಮ ಹುಡುಗನೊಬ್ಬ ವಾಲಗ ಇಡೋಣ ಅಂದ. ಕೊಡಗಿನಲ್ಲಿ ವಾಲಗ ಕೇಳಿದರೆ ಮೊದಲ ಸಾಲಿನ ಅಜ್ಜಂದಿರು ಎದ್ದು ಕುಣಿಯುತ್ತಾರೆ, ಆಮೇಲೆ ದುರಂತ ಯಾರಿಗೆ ಬೇಕು?

ಹೆಜ್ಜೆ 9: ಬೋಸ್ಟನ್ ಹೋಟೆಲಿನ ಕೋಣೆ

ಗಣಿತದಲ್ಲಿ ನಾಲ್ಕು ಅಂಕ ಕಡಿಮೆ ಬಂದು ಫೇಲಾದ ಬಿಫ್, ಅಪ್ಪ ಮೇಷ್ಟರ ಹತ್ತಿರ ಮಾತಾಡಿ ಸರಿ ಮಾಡುತ್ತಾನೆ ಅಂತ ನಂಬಿ ಬೋಸ್ಟನ್‌ಗೆ ಹೋಗುತ್ತಾನೆ. ಕೋಣೆಯಲ್ಲಿ ಬೇರೆ ಹೆಂಗಸು. ನಮ್ಮ ಮೊದಲ ಪ್ರದರ್ಶನದಲ್ಲಿ ಅವಳು ಹೊರಬಂದ ಕೂಡಲೇ ಹಿಂದಿನ ಸಾಲಿನಿಂದ ಸಿಳ್ಳೆ. ದೃಶ್ಯ ಸತ್ತಿತು.

ಎರಡನೇ ಸಲ ಮೂರು ಬದಲಾವಣೆ ಮಾಡಿದೆವು. ಅವಳು ರಂಗದ ಬದಿಯಿಂದ ಬಂದಳು, ನಡುವಿನಿಂದ ಅಲ್ಲ. ನಡುವೆ ಬಿಫ್ ಮತ್ತು ಅವನ ಸೂಟ್‌ಕೇಸು. ಅವಳು ಮುಖ ತೋರಿಸದೆ ಕಾಲುಚೀಲ ಕೇಳಿದಳು. ಬಿಫ್ ಅವಳನ್ನು ನೋಡಲಿಲ್ಲ, ಡಬ್ಬವನ್ನು ನೋಡಿದ. ಅಮ್ಮನ ಹೊಲಿದ ಕಾಲುಚೀಲ ಸಭೆಗೆ ನೆನಪಾಗಲು ಎರಡು ಉಸಿರಿನಷ್ಟು ಹೊತ್ತು ಬಿಟ್ಟೆವು. ಸಿಳ್ಳೆ ಬರಲಿಲ್ಲ. ಆಮೇಲೆ ವಿಲ್ಲಿ ಮಗನಿಗೆ ಆಜ್ಞೆ ಮಾಡುತ್ತಾನೆ, ಎದ್ದೇಳು ಅನ್ನುತ್ತಾನೆ. ಆ ದನಿಯಲ್ಲಿ ಅಪ್ಪನ ಗತ್ತು ಪೂರ್ತಿ ಇರಬೇಕು. ಕೇಳುವವನು ಯಾರೂ ಇಲ್ಲ.

ಹೆಜ್ಜೆ 10: ಕೊಳವೆ ಟೇಬಲ್ ಮೇಲೆ ಬರುವಾಗ

ಲಿಂಡಾ ದಿನಾ ವಾಪಸ್ ಇಡುತ್ತಿದ್ದ ಕೊಳವೆಯನ್ನು ಬಿಫ್ ಎತ್ತಿಕೊಳ್ಳುತ್ತಾನೆ. ಕೊನೆಯ ಜಗಳದಲ್ಲಿ ಎಲ್ಲರ ಮುಂದೆ ಟೇಬಲ್ ಮೇಲೆ ಇಡುತ್ತಾನೆ. ಅಪ್ಪ, ನಾನದನ್ನು ನೋಡೇ ಇಲ್ಲ ಅನ್ನುತ್ತಾನೆ. ಈಗ ಹೆಜ್ಜೆ 4ರ ಫಲ ಸಿಗುತ್ತದೆ. ನ್ಯಾಯವಾಗಿ ಆಗ ಸಭೆ ಅಪ್ಪನನ್ನು ನೋಡಬೇಕು. ನಮ್ಮ ಸಭೆ ಲಿಂಡಾಳನ್ನು ನೋಡಿತು. ಅವಳ ಕೈ ಟೇಬಲ್ ಕಡೆಗೆ ಅರ್ಧ ಹೋಗಿ ನಿಂತಿತ್ತು. ನಾನು ಹೇಳಿಕೊಟ್ಟದ್ದಲ್ಲ, ತಾಲೀಮಿನ ಅಭ್ಯಾಸಕ್ಕೆ ತಾನಾಗಿ ಹೋದ ಕೈ.

ಬಿಫ್ ಅಳುತ್ತಾ ಅಪ್ಪನನ್ನು ಹಿಡಿದುಕೊಳ್ಳುತ್ತಾನೆ. ಆ ಸುಳ್ಳು ಕನಸನ್ನು ಸುಟ್ಟುಬಿಡು, ನನ್ನನ್ನು ಬಿಟ್ಟುಬಿಡು ಅನ್ನುವುದು ಅವನ ಬೇಡಿಕೆ. ಅಪ್ಪನಿಗೆ ಅದರಲ್ಲಿ ಕೇಳಿಸುವುದು ಒಂದೇ: ಮಗ ನನ್ನನ್ನು ಪ್ರೀತಿಸುತ್ತಾನೆ. ಹಾಗಿದ್ದರೆ 20,000 ಡಾಲರ್ ವಿಮೆಯ ಹಣ ಕೈಗೆ ಬಂದರೆ ಇವನು ಎಷ್ಟು ಮೇಲೆ ಬರಬಹುದು! ನಿಜವನ್ನೇ ಕಟ್ಟಿಗೆ ಮಾಡಿ ಅದೇ ಒಲೆಗೆ ಹಾಕುತ್ತಾನೆ. ಇಲ್ಲಿ ವಿಲ್ಲಿಯ ಮುಖದಲ್ಲಿ ದುಃಖ ಬೇಡ. ಇಡೀ ನಾಟಕದಲ್ಲಿ ಅವನು ಅತಿ ಹೆಚ್ಚು ಖುಷಿಯಾಗಿರುವ ಕ್ಷಣ ಇದು. ನಮ್ಮ ಪಾತ್ರಧಾರಿಗೆ ಇದು ಒಪ್ಪಿಗೆಯಾಗಲು ಒಂದು ತಿಂಗಳು ಬೇಕಾಯಿತು.

ಹೆಜ್ಜೆ 11: ಸಾವು, ಐದು ಜನ

ಕಾರಿನ ಸದ್ದು ಸಾಕು. ಏನನ್ನೂ ತೋರಿಸಬೇಡಿ. ಕೊಳವೆಯ ಬಗ್ಗೆಯೂ ನಾಟಕದಲ್ಲಿ ಇರುವುದಕ್ಕಿಂತ ಜಾಸ್ತಿ ವಿವರ ಬೇಡ. ಸಾಲದ ಹೊರೆಯಿಂದ ಹೀಗೆ ಹೋದವರ ಮನೆಯವರು ಸಭೆಯಲ್ಲಿ ಕೂತಿರಬಹುದು. ನಾಟಕ ಶುರುವಾಗುವ ಮೊದಲೇ ವಿಷಯ ಏನು ಅಂತ ಒಂದು ಸಾಲಿನಲ್ಲಿ ಹೇಳಿ. ಬಾಗಿಲ ಬಳಿ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ದೊಡ್ಡದಾಗಿ ಬರೆದು ಹಾಕಿ.

ನಮ್ಮಲ್ಲಿ ಎರಡು ಗುಂಡಿನ ಸದ್ದು ಒಂದರ ಹಿಂದೊಂದು ಕೇಳಿದರೆ ಯಾರದೋ ಮನೆಯಲ್ಲಿ ಸಾವು ಅಂತ ಅರ್ಥ. ಕೊನೆಗೆ ಅದನ್ನು ಇಡೋಣ ಅಂತ ಒಬ್ಬರು ಸೂಚಿಸಿದರು. ಪ್ರಭಾವ ಇರುತ್ತಿತ್ತು, ಸುಳ್ಳಲ್ಲ. ಆದರೆ ಆ ಸದ್ದು ಕೇಳಿದರೆ ಊರು ಬರುತ್ತದೆ. ವಿಲ್ಲಿಯ ಸಾವಿಗೆ ಊರು ಬರುವುದಿಲ್ಲ, ಅದೇ ಕತೆ. ಡೇವ್ ಸಿಂಗಲ್‌ಮನ್ ಎಂಬ 84 ವರ್ಷದ ಸೇಲ್ಸ್‌ಮನ್ ಸತ್ತಾಗ ನೂರಾರು ವ್ಯಾಪಾರಿಗಳು ಬಂದರು ಅಂತ ವಿಲ್ಲಿಯೇ ಹೇಳಿಕೊಂಡಿದ್ದ. ವಿಲ್ಲಿಯ ಗೋರಿಯ ಹತ್ತಿರ ನಿಂತವರು ಹೆಂಡತಿ, ಇಬ್ಬರು ಮಕ್ಕಳು, ಚಾರ್ಲಿ, ಚಾರ್ಲಿಯ ಮಗ ಬರ್ನಾರ್ಡ್. ಒಟ್ಟು ಐದು. ಸಾವಿನ ಮನೆಗೆ ನೂರು ಜನ ಸೇರದಿದ್ದರೆ ಏನೋ ಆಗಿದೆ ಅನ್ನುವ ಊರಿನವರು ನಾವು. ಆ ಐವರನ್ನು ದೊಡ್ಡ ಖಾಲಿ ರಂಗದ ಮೇಲೆ ದೂರ ದೂರ ನಿಲ್ಲಿಸಿದೆ. ಯಾರೋ ಕೆಳಗಿನಿಂದ ‘ಅಷ್ಟೇನಾ ಬಂದದ್ದು?’ ಅಂದರು. ಗಟ್ಟಿಯಾಗಿಯೇ ಅಂದರು.

ಅಲ್ಲಿ ಹ್ಯಾಪಿ, ಅಪ್ಪನ ಕನಸನ್ನು ನಾನು ಗೆದ್ದು ತೋರಿಸುತ್ತೇನೆ ಅನ್ನುತ್ತಾನೆ. ಮನೆಯ ಕೊನೆಯ ಕಂತು ಇವತ್ತೇ ಕಟ್ಟಿದೆ ಅಂತ ಲಿಂಡಾ ಹೇಳುತ್ತಾಳೆ. ಈಗ ಅಳು ಬರಲಿ. ಇಷ್ಟು ಹೊತ್ತು ತಡೆದಿಟ್ಟದ್ದು ಇದಕ್ಕೇ.

ಹೆಜ್ಜೆ 12: ಪರದೆ ಬಿದ್ದ ಮೇಲೆ

ಭಾಷಣ ಇಡಬೇಡಿ. ಕಾಫಿ ಇಡಿ. ಒಂದರ್ಧ ಗಂಟೆ ಸಭಾಂಗಣದ ಬಾಗಿಲು ತೆರೆದಿರಲಿ. ಎರಡನೇ ವರ್ಷ ಒಬ್ಬ ಹಿರಿಯರು ನನ್ನ ಕೈ ಹಿಡಿದು, ‘ಒಳ್ಳೆ ಅಪ್ಪ, ಮಕ್ಕಳೇ ಸರಿ ಇಲ್ಲ’ ಅಂದರು. ನಾನು ವಾದ ಮಾಡಲಿಲ್ಲ. ಅವರ ಹೆಂಡತಿ ಹಿಂದೆ ನಿಂತಿದ್ದರು. ಲೋಟ ತೊಳೆಯಲು ಇಟ್ಟು ಬಂದು, ‘ಆ ಪೈಪನ್ನು ಅವಳು ಎಷ್ಟು ದಿನ ತೆಗೆದಿಟ್ಟಿರಬಹುದು?’ ಅಂತ ಕೇಳಿದರು. ಉತ್ತರಕ್ಕೆ ಕಾಯದೆ ಗಂಡನ ಕೊಡೆ ಹುಡುಕಲು ಹೋದರು.

ಗೋಣಿಚೀಲಗಳನ್ನು ಮರುದಿನವೇ ವಾಪಸ್ ಕೊಡಿ. ಕೊಯ್ಲು ಶುರುವಾದರೆ ಅವರಿಗೆ ಬೇಕಾಗುತ್ತದೆ.